ತಪ್ಪಿಗೆ ಮೆಮೊ ಇದೆ, ಒಳ್ಳೆಯ ಕೆಲಸಕ್ಕೂ ಒಂದು ಕಾಗದ ಇರಲಿ

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಕಚೇರಿ ಮುಖ್ಯಸ್ಥರಿಗೆ, ಬಸ್ ಘಟಕಗಳ ವ್ಯವಸ್ಥಾಪಕರಿಗೆ, ಕಾರ್ಖಾನೆ ಮಾಲೀಕರಿಗೆ, ಮೇಲ್ವಿಚಾರಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಸಿಬ್ಬಂದಿ ಶಾಖೆಯ ಕಪಾಟಿನಿಂದ ಹದಿನೈದು-ಇಪ್ಪತ್ತು ವರ್ಷ ಸೇವೆ ಮಾಡಿದ ಯಾರಾದರೊಬ್ಬರ ವೈಯಕ್ತಿಕ ಕಡತ ತರಿಸಿ, ಹಾಳೆ ತಿರುವಿ ನೋಡಿ. ನೇಮಕಾತಿ ಆದೇಶ, ವರ್ಗಾವಣೆ, ರಜೆ ಅರ್ಜಿ, ವಾರ್ಷಿಕ ವೇತನ ಬಡ್ತಿ. ನಡುನಡುವೆ ಮೆಮೊ, ಕಾರಣ ಕೇಳಿ ನೋಟಿಸು, ಅದಕ್ಕೆ ಬರೆದುಕೊಟ್ಟ ಸಮಜಾಯಿಷಿ. ಅರ್ಧ ತಾಸು ತಡವಾಗಿ ಬಂದದ್ದಕ್ಕೆ ದಿನಾಂಕವಿದೆ, ಕಡತ ಸಂಖ್ಯೆ ಇದೆ, ಸಹಿ-ಶಿಕ್ಕಾ ಇದೆ. ಅದೇ ವ್ಯಕ್ತಿ ವರ್ಷಗಟ್ಟಲೆ ಒಂದೂ ಪಿಂಚಣಿ ಪ್ರಕರಣ ಬಾಕಿ ಉಳಿಯದಂತೆ ನೋಡಿಕೊಂಡಿದ್ದಕ್ಕೆ, ಹೊಸಬರಿಗೆ ಕೂತು ಕೆಲಸ ಕಲಿಸಿದ್ದಕ್ಕೆ ಒಂದು ಚೀಟಿಯೂ ಸಿಗುವುದಿಲ್ಲ. ಸಿಕ್ಕರೆ ಅದು ನಿವೃತ್ತಿಯ ದಿನದ ಬೀಳ್ಕೊಡುಗೆಯಲ್ಲಿ, ಶಾಲು ಹೊದಿಸಿ ಆಡಿದ ಮಾತಿನಲ್ಲಿ. ಅಷ್ಟೊತ್ತಿಗೆ ಆ ಮಾತು ಯಾವ ಕೆಲಸಕ್ಕೂ ಬರುವುದಿಲ್ಲ.

ಈ ಪತ್ರದ ಬೇಡಿಕೆ ಒಂದೇ. ತಪ್ಪನ್ನು ಎಷ್ಟು ಶಿಸ್ತಿನಿಂದ ಗುರುತಿಸಿ ದಾಖಲಿಸುತ್ತೀರೋ ಅಷ್ಟೇ ಶಿಸ್ತಿನಿಂದ ಒಳ್ಳೆಯ ಕೆಲಸವನ್ನೂ ಗುರುತಿಸಿ, ಮಾಡಿದವರಿಗೆ ಹೇಳಿ, ಕಾಗದದ ಮೇಲೆ ಇಡಿ. "ಹೊಗಳಿದ್ರ ತಲೀ ಮ್ಯಾಲೆ ಕೂಡ್ತಾರ್ರೀ" ಎಂಬ ಮಾತು ನಮ್ಮ ಭಾಗದ ಕಾರ್ಖಾನೆಗಳ ಪ್ರತಿ ಶಾಪ್‌ನಲ್ಲೂ, ಪ್ರತಿ ಕಚೇರಿಯಲ್ಲೂ ಕೇಳುತ್ತದೆ. ಗೊತ್ತುಗುರಿಯಿಲ್ಲದ ಹೊಗಳಿಕೆಯಿಂದ ಹಾಗಾಗುವುದು ನಿಜ. ನಾವು ಕೇಳುತ್ತಿರುವುದು ಹೊಗಳಿಕೆಯನ್ನಲ್ಲ. ಯಾವ ಕೆಲಸ ಸರಿಯಾಯಿತು, ಯಾಕೆ ಸರಿಯಾಯಿತು ಎಂಬ ಮಾಹಿತಿಯನ್ನು.

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ವಾಲ್ವ್ ಮತ್ತು ಅದರ ಬಿಡಿಭಾಗ ತಯಾರಿಸುವ ಘಟಕಗಳಿವೆ. ಅಲ್ಲಿನ ಒಂದು ಸಾಮಾನ್ಯ ಕೆಲಸವನ್ನೇ ಹತ್ತಿರದಿಂದ ನೋಡೋಣ. ಡ್ರಾಯಿಂಗಿನಲ್ಲಿ 25 ಮಿ.ಮೀ. ಬೋರ್ (ಒಳಗಿನ ದುಂಡು ರಂಧ್ರ), ಎಚ್7 (ಅಳತೆ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬ ಗುರುತು) ಎಂದಿದೆ. ಅಂದರೆ ಅಳತೆ 25.000ದಿಂದ 25.021 ಮಿ.ಮೀ. ಒಳಗಿರಬೇಕು. ರಂಧ್ರ ಕೊರೆಯುವ ಬೋರಿಂಗ್ ಟಿಪ್ ಸವೆಯುತ್ತ ಹೋದಂತೆ ಬೋರ್ ಕಿರಿದಾಗುತ್ತ ಬರುತ್ತದೆ. ಆಪರೇಟರು ಐದು ಪೀಸಿಗೊಮ್ಮೆ ಬೋರ್ ಗೇಜ್ ಇಟ್ಟು ನೋಡುತ್ತಾರೆ: 25.012, ಆಮೇಲೆ 25.009, ಆಮೇಲೆ 25.005. ಅಲ್ಲಿಗೆ ಮಷಿನ್ ನಿಲ್ಲಿಸಿ ಟಿಪ್ ಬದಲಿಸಿ, ಹೊಸ ಟಿಪ್ಪಿಗೆ ತಕ್ಕಂತೆ ಮಷಿನ್ನಿನ ಅಳತೆ ಹೊಂದಿಸಿ, ಮೊದಲ ಪೀಸನ್ನು ಅಳೆದು, ಲಾಗ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಮುಂದುವರಿಯುತ್ತಾರೆ. ಶಿಫ್ಟು ಮುಗಿಯುತ್ತದೆ. ರಿಜೆಕ್ಷನ್ ಸೊನ್ನೆ. ಯಾರೂ ಏನೂ ಹೇಳುವುದಿಲ್ಲ, ಏಕೆಂದರೆ ಹೇಳುವಂಥದ್ದು ಏನೂ "ಆಗಿಲ್ಲ".

ಅವರು ಅಳೆಯದೆ ಬಿಟ್ಟಿದ್ದರೆ? ಬೋರ್ 25ಕ್ಕಿಂತ ಕೆಳಗಿಳಿಯುತ್ತಿತ್ತು. ಒಳಗೆ ಲೋಹ ಉಳಿದಿರುವುದರಿಂದ ಮತ್ತೊಮ್ಮೆ ಬೋರ್ ಹೊಡೆಯಬಹುದು ನಿಜ. ಆದರೆ ಪೀಸನ್ನು ಚಕ್‌ಗೆ ಎರಡನೇ ಸಲ ಕಟ್ಟಿದಾಗ ಕೇಂದ್ರ ಕೂದಲೆಳೆಯಷ್ಟು ಸರಿದರೂ ಬೋರ್ ಮತ್ತು ಸೀಟ್ (ವಾಲ್ವ್ ಮುಚ್ಚಿದಾಗ ಬಿಗಿಯಾಗಿ ಕೂರುವ ಜಾಗ) ಒಂದೇ ಕೇಂದ್ರದಲ್ಲಿ ಕೂರುವುದಿಲ್ಲ. ನೀರಿನ ಒತ್ತಡ ಕೊಟ್ಟು ನೋಡುವ ಹೈಡ್ರೋ ಟೆಸ್ಟಿನಲ್ಲಿ ಸೋರುತ್ತದೆ. ಆಗ ಗುಣಮಟ್ಟ ನೋಡುವ ಕ್ಯೂಸಿ ವಿಭಾಗದ ಕೆಂಪು ಚೀಟಿ, ಮೀಟಿಂಗು, ಮೆಮೊ. ಅಂದರೆ ವ್ಯವಸ್ಥೆಗೆ ಬಾಯಿ ಬರುವುದು ಕೆಟ್ಟಾಗ ಮಾತ್ರ. ಕೆಡದಂತೆ ನೋಡಿಕೊಂಡ ಕೈ ಅದಕ್ಕೆ ಕಾಣಿಸುವುದೇ ಇಲ್ಲ.

ಮರುದಿನ ಶಿಫ್ಟ್ ಶುರುವಾಗುವ ಹೊತ್ತಿಗೆ ಮೇಲ್ವಿಚಾರಕರು ಹೇಳಬೇಕಾದದ್ದು ಇಷ್ಟೇ: "ಅಣ್ಣಾರ, ನಿನ್ನೆ ಸೆಕೆಂಡ್ ಶಿಫ್ಟಿನ್ಯಾಗ ಬೋರ್ 25.005ಕ್ಕ ಬಂದ ಕೂಡ್ಲೆ ಟಿಪ್ ಬದ್ಲಿ ಮಾಡೀರಿ, ಲಾಗ್‌ಬುಕ್ ನೋಡಿದೆ. ಅದಕ್ಕ ಆ ಲಾಟಿನ್ಯಾಗ ಒಂದೂ ರೀವರ್ಕ್ ಬರ್ಲಿಲ್ಲ. ಐದ್ ಪೀಸಿಗೊಮ್ಮೆ ಅಳತಿ ನೋಡೂದು ಹಿಂಗ ಇರ್ಲಿ." ಅರ್ಧ ನಿಮಿಷವೂ ಹಿಡಿಯದ ಮಾತು. ಅದರಲ್ಲಿ ಯಾವಾಗ, ಎಲ್ಲಿ ಎಂಬುದಿದೆ. ಏನು ಮಾಡಿದರು ಎಂಬುದಿದೆ. ಅದರಿಂದ ಏನಾಯಿತು ಎಂಬುದಿದೆ. ಯಾವುದನ್ನು ಮುಂದುವರಿಸಬೇಕು ಎಂಬುದೂ ಇದೆ. ಪಕ್ಕದಲ್ಲಿ ನಿಂತ ಹೊಸ ಹುಡುಗನಿಗೆ 25.005 ಅಂದರೆ ಟಿಪ್ ಬದಲಿಸುವ ಹೊತ್ತು ಎಂಬ ಪಾಠ ಬಿಟ್ಟಿಯಾಗಿ ಸಿಕ್ಕಿತು. "ಭಾರಿ ಮಾಡೀರಿ, ಶಾಣ್ಯಾ ಅದೀರಿ" ಎಂದು ಬೆನ್ನು ತಟ್ಟಿದ್ದರೆ ಇದ್ಯಾವುದೂ ದಾಟುತ್ತಿರಲಿಲ್ಲ.

ಈ ವ್ಯತ್ಯಾಸವನ್ನು ಸಂಶೋಧಕರು ಅಳೆದು ನೋಡಿದ್ದಾರೆ. 1996ರಲ್ಲಿ ಅವ್ರಾಹಂ ಕ್ಲುಗರ್ ಮತ್ತು ಆಂಜೆಲೊ ಡಿನಿಸಿ ಎಂಬ ಇಬ್ಬರು, ಕೆಲಸದ ಬಗ್ಗೆ ಅಭಿಪ್ರಾಯ ತಿಳಿಸಿದರೆ ಏನಾಗುತ್ತದೆ ಎಂಬ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದರು. 607 ಫಲಿತಾಂಶಗಳು, 23,000ಕ್ಕೂ ಮಿಕ್ಕಿದ ಅವಲೋಕನಗಳು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಮೊದಲಿಗಿಂತ ಹಾಳಾಗಿತ್ತು. ಅವರು ಕೊಟ್ಟ ವಿವರಣೆ ನಮ್ಮ ಶಾಪ್‌ಗಳಿಗೂ ಸರಿಯಾಗಿ ಹೊಂದುತ್ತದೆ: ಮಾತು ಕೆಲಸದ ಮೇಲಿನ ಗಮನವನ್ನು ಎಳೆದು ಮನುಷ್ಯನ ಮೇಲೆ ತಂದು ನಿಲ್ಲಿಸಿದಷ್ಟೂ ಅದರ ಉಪಯೋಗ ಕಡಿಮೆ. "ನೀ ಶಾಣ್ಯಾ" ಎಂದರೂ ಅಷ್ಟೆ, "ನೀ ದಡ್ಡ" ಎಂದರೂ ಅಷ್ಟೆ. ಕೇಳಿದವರು ತಮ್ಮ ಮಾನ-ಮರ್ಯಾದೆಯ ಲೆಕ್ಕ ಹಾಕತೊಡಗುತ್ತಾರೆ, ಬೋರ್ ಗೇಜಿನ ಲೆಕ್ಕ ಬಿಡುತ್ತಾರೆ.

ಇನ್ನೊಂದು ಅಧ್ಯಯನ 2010ರದು, ಆ್ಯಡಂ ಗ್ರ್ಯಾಂಟ್ ಮತ್ತು ಫ್ರಾನ್ಸೆಸ್ಕಾ ಜಿನೊ ಅವರದು. ವಿಶ್ವವಿದ್ಯಾಲಯವೊಂದಕ್ಕೆ ದೇಣಿಗೆ ಕೇಳಿ ಫೋನ್ ಮಾಡುವ ಸಿಬ್ಬಂದಿಯಲ್ಲಿ ಅರ್ಧ ಜನರಿಗೆ ನಿರ್ದೇಶಕರು ಬಂದು ಕೃತಜ್ಞತೆ ಹೇಳಿದರು. ಮುಂದಿನ ವಾರ ಅವರು ಮಾಡಿದ ಕರೆಗಳು ಶೇ 50ಕ್ಕಿಂತ ಹೆಚ್ಚಾದವು. ಉಳಿದ ಅರ್ಧ ಜನರ ಲೆಕ್ಕ ಇದ್ದಲ್ಲೇ ಇತ್ತು. ಸಂಬಳ ಇಬ್ಬರಿಗೂ ಒಂದೇ, ಕೆಲಸವೂ ಒಂದೇ. ಬಹಳಷ್ಟು ಅಧಿಕಾರಿಗಳು ಬಾಯಿಬಿಟ್ಟು ಹೇಳದಿರುವುದು ಮನಸ್ಸಿಲ್ಲದೆ ಅಲ್ಲ, ಸಂಕೋಚದಿಂದ. ಹೇಳಿದರೆ ನಾಟಕದಂತೆ ಕಾಣುತ್ತದೆ ಎಂಬ ಅಳುಕು. 2018ರಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲೆ ಪ್ರಕಟಿಸಿದ ಪ್ರಯೋಗಗಳು ಈ ಅಳುಕನ್ನೇ ಪರೀಕ್ಷಿಸಿದವು. ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಮುಜುಗರವಾದೀತು ಎಂದು ಇದ್ದುದಕ್ಕಿಂತ ಹೆಚ್ಚು ಅಂದಾಜು ಮಾಡಿದ್ದರು. ಸಿಗುವ ಸಂತೋಷವನ್ನು ಇದ್ದುದಕ್ಕಿಂತ ಕಡಿಮೆ ಅಂದಾಜು ಮಾಡಿದ್ದರು.

ಈಗ, ಮೆಚ್ಚುಗೆ ಎಲ್ಲಿ ಹಳಿ ತಪ್ಪುತ್ತದೆ ಎಂಬುದಕ್ಕೆ ಬರೋಣ. ಎಲ್ಲಕ್ಕಿಂತ ದೊಡ್ಡ ತಪ್ಪು, ಬೆಂಕಿ ಆರಿಸಿದವರಿಗೆ ಮಾತ್ರ ಹಾರ ಹಾಕುವುದು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ಮರ ಬಿದ್ದು ತಂತಿ ಹರಿದಾಗ, ರಾತ್ರಿ ಕಂಬ ಏರಿ ಲೈನ್ ಕೊಟ್ಟ ಲೈನ್‌ಮನ್‌ನ ಫೋಟೋ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತದೆ. ಅದು ಸಲ್ಲಬೇಕಾದ ಗೌರವವೇ. ಆದರೆ ಪಕ್ಕದ ಸೆಕ್ಷನ್ನಿನಲ್ಲಿ ಮಾರ್ಚ್‌ನಲ್ಲೇ ಲೈನಿನುದ್ದಕ್ಕೂ ನಡೆದು, ತಂತಿಗೆ ತಾಗುವ ಟೊಂಗೆ ಕಡಿಸಿ, ತಂತಿಗಳನ್ನು ಜೋಡಿಸುವ ಸಡಿಲಾದ ಜಂಪರ್ ಬಿಗಿ ಮಾಡಿಸಿದವರ ಫೀಡರ್ (ವಿದ್ಯುತ್ ಪೂರೈಸುವ ಲೈನ್) ಆ ಮಳೆಯಲ್ಲಿ ಟ್ರಿಪ್ಪೇ ಆಗಲಿಲ್ಲ. ಅವರ ಫೋಟೋ ಯಾರೂ ತೆಗೆಯಲಿಲ್ಲ. ಎರಡು-ಮೂರು ವರ್ಷ ಹೀಗೇ ನಡೆದರೆ ಸಿಬ್ಬಂದಿ ಕಲಿಯುವ ಪಾಠ ಏನು? ಮೊದಲೇ ಸರಿ ಮಾಡುವುದಕ್ಕಿಂತ ಕೆಟ್ಟ ಮೇಲೆ ಓಡುವುದೇ ಲಾಭ ಎಂಬುದು. ಹಾಗಾಗಿ ತಿಂಗಳಿಗೊಮ್ಮೆಯಾದರೂ ಉಲ್ಟಾ ಪ್ರಶ್ನೆ ಕೇಳಿ: ಯಾವ ಮಷಿನ್ ಕೆಡಲಿಲ್ಲ, ಯಾವ ಫೀಡರ್ ಹೋಗಲಿಲ್ಲ, ಯಾವ ವಾರ್ಡಿನಿಂದ ದೂರು ಬರಲಿಲ್ಲ, ಅಲ್ಲಿ ಯಾರು ಏನು ಮಾಡಿದರು? ಗ್ರೀಸಿಂಗ್ ಚಾರ್ಟು, ಗಸ್ತು ಪುಸ್ತಕ, ಲಾಗ್‌ಬುಕ್ ಓದಿದರೆ ಹೆಸರು ತಾನಾಗಿಯೇ ಸಿಗುತ್ತದೆ.

ಎರಡನೆಯದು, ತಪ್ಪು ಗುಣವನ್ನು ಮೆಚ್ಚುವುದು. ರಾತ್ರಿ ಒಂಬತ್ತರವರೆಗೆ ಕೂತವರೇ ಒಳ್ಳೆಯ ನೌಕರರು ಎಂದು ಸಭೆಯಲ್ಲಿ ಹೇಳಿದರೆ, ಆರು ಗಂಟೆಯೊಳಗೆ ಅಷ್ಟೇ ಕೆಲಸ ಮುಗಿಸಿ ಮನೆಗೆ ಹೋದವರಿಗೆ ಅವಮಾನ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದಲ್ಲಿ ತೊಟ್ಟು ಬಿಡಿಸುವ, ಕಾಯಿ ಆರಿಸುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಅದರ ಬಣ್ಣಕ್ಕೆ. ದಿನಕ್ಕೆ ಹೆಚ್ಚು ಕಿಲೋ ಆರಿಸಿದವರನ್ನೇ ಮೆಚ್ಚುತ್ತ ಹೋದರೆ ಬಿಳಿಚಿದ ಕಾಯಿ, ಬೂಸ್ಟು ಹಿಡಿದ ಕಾಯಿ ಒಳ್ಳೆಯ ರಾಶಿಗೆ ಸೇರುತ್ತವೆ, ಚೀಲದ ದರವೇ ಕುಸಿಯುತ್ತದೆ. ಅಲ್ಲಿ ಉಪಯೋಗಕ್ಕೆ ಬರುವುದು ಎರಡು ಮಾದರಿ ತಟ್ಟೆಗಳು: ಒಂದರಲ್ಲಿ ಇರಬೇಕಾದ ಕಾಯಿ, ಇನ್ನೊಂದರಲ್ಲಿ ತೆಗೆಯಬೇಕಾದ ಕಾಯಿ. ಅದನ್ನು ಮುಂದಿಟ್ಟು "ಅಕ್ಕಾರ, ನಿಮ್ಮ ರಾಶಿಯೊಳಗ ಬಿಳಿಗಾಯಿ ಒಂದೂ ಇಲ್ರೀ, ಈ ಚೀಲಾ ಹಂಗ ನೇರ ಹೋಗಾಕ ಬರ್ತೈತಿ" ಎಂದರೆ ಅದು ಕಣ್ಣಿನ ಕೌಶಲಕ್ಕೆ ಸಂದ ಮಾತು. "ಹೆಣ್ಮಕ್ಕಳು ತಾಳ್ಮಿಲೆ ಮಾಡ್ತಾರ" ಎಂಬ ಒಟ್ಟಾರೆ ಮಾತು ಯಾರಿಗೂ ಸಲ್ಲುವುದಿಲ್ಲ.

ಹೋಲಿಕೆ ಹಾಕಿ ಮೆಚ್ಚುವುದು ಮೂರನೆಯದು. "ಅವನ್ನ ನೋಡಿ ಕಲೀರಿ" ಎಂಬ ಒಂದೇ ಮಾತಿಗೆ ಮೆಚ್ಚಿಸಿಕೊಂಡವರು ಕ್ಯಾಂಟೀನಿನಲ್ಲಿ ಒಂಟಿಯಾಗುತ್ತಾರೆ. ಮೆಚ್ಚಿ ಕೂಡಲೇ "ಆದ್ರ" ಎಂದು ತಿರುಗಿಸುವುದು ನಾಲ್ಕನೆಯದು. ಕೇಳುವವರಿಗೆ "ಆದ್ರ" ಆದಮೇಲಿನದ್ದಷ್ಟೇ ನೆನಪಿರುತ್ತದೆ, ಮುಂದಿನ ಸಲ ನೀವು ಒಳ್ಳೆಯ ಮಾತು ತೆಗೆದರೇ ಅವರು ಏಟಿಗೆ ತಯಾರಾಗಿ ಕೂರುತ್ತಾರೆ. ಎರಡನ್ನೂ ಹೇಳುವುದಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಹೇಳಿ. ಇನ್ನು "ತಿಂಗಳ ಉತ್ತಮ ನೌಕರ" ಫಲಕ. ನಾಲ್ಕಾರು ತಿಂಗಳಾದ ಮೇಲೆ ಅದು ಸರದಿಯ ಪ್ರಕಾರ ಹಂಚಿಕೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಾರಣ ಬರೆಯದೆ ಹೆಸರು ಮಾತ್ರ ಬರೆದರೆ ಹೀಗಾಗುವುದು ಸಹಜ.

ತಪ್ಪು ತಿದ್ದುವ ಮಾತಿಗೂ ಇದೇ ನಿಯಮ, ಆದರೆ ಕ್ರಮ ಬೇರೆ. ಆ ದಿನವೇ, ಅಥವಾ ಮರುದಿನ ಹೇಳಿ. ಸಿಟ್ಟು ಇಳಿದ ಮೇಲೆ ಹೇಳಿ. ನಾಲ್ಕು ಜನರ ಎದುರಿಗೆ ಬೇಡ, ಬದಿಗೆ ಕರೆದು, ಕುರ್ಚಿ ಕೊಟ್ಟು ಕೂರಿಸಿ. ಮೊದಲು ಕೇಳಿ, ಆಮೇಲೆ ಹೇಳಿ. ಈ ಕ್ರಮ ಯಾಕೆ ಮುಖ್ಯ ಎಂಬುದಕ್ಕೆ ಮುದ್ರಣ ಕಾಶಿ ಎನಿಸಿದ ಗದಗಿನ ಕಸುಬಿನಲ್ಲೇ ಉದಾಹರಣೆ ಇದೆ. ನಾಲ್ಕು ಬಣ್ಣದ ಆಫ್‌ಸೆಟ್ ಕೆಲಸದಲ್ಲಿ ಒಂದು ಬಣ್ಣ ಅರ್ಧ ಮಿಲಿಮೀಟರ್ ಸರಿದರೂ ಅಕ್ಷರದ ಅಂಚಿನಲ್ಲಿ ನೆರಳು ಕಾಣುತ್ತದೆ. ಸಾವಿರಾರು ಹಾಳೆ ಹಾಳು. ಮೊದಲ ಬೈಗುಳ ಮಷಿನ್ ಮೇಲಿರುವವರಿಗೆ. ಆದರೆ "ಯಾವಾಗಿಂದ ಸರಿಯಾಕತ್ತಿತ್ತು, ಯಾವ ಬಂಡಲ್?" ಎಂದು ಕೇಳಿದರೆ ಬೇರೆ ಉತ್ತರ ಬರಬಹುದು. ಮಳೆಗಾಲದಲ್ಲಿ ಕಾಗದದ ರೀಮುಗಳನ್ನು ಗೋಡೆಗೆ ಒತ್ತಿ, ನೆಲದ ಮೇಲೆ ಇಟ್ಟಿದ್ದರೆ ತೇವ ಹೀರಿ ಹಾಳೆ ಹಿಗ್ಗುತ್ತದೆ, ಅದೂ ನಾರಿನ ಅಡ್ಡ ದಿಕ್ಕಿನಲ್ಲಿ ಹೆಚ್ಚು. ಎರಡು ಬಣ್ಣ ಹೊಡೆದು ರಾತ್ರಿ ಬಿಟ್ಟು, ಬೆಳಿಗ್ಗೆ ಉಳಿದೆರಡು ಹೊಡೆಯುವಷ್ಟರಲ್ಲಿ ಹಾಳೆಯ ಅಳತೆಯೇ ಬದಲಾಗಿರುತ್ತದೆ. ಪ್ಲೇಟ್ ಎಷ್ಟು ಸರಿಸಿದರೂ ಕೂರುವುದಿಲ್ಲ. ಸರಿಯಾಗಬೇಕಾದದ್ದು ಗೋದಾಮು: ನೆಲದಿಂದ ಎತ್ತರಕ್ಕೆ ಮರದ ಹಲಗೆ, ಗೋಡೆಯಿಂದ ಅಂತರ, ಪ್ಲಾಸ್ಟಿಕ್ ಹೊದಿಕೆ. ಮೊದಲೇ ಬೈದಿದ್ದರೆ ಆ ಮಾತನ್ನು ಅವರು ಹೇಳುತ್ತಲೇ ಇರಲಿಲ್ಲ.

ಕೇಳಿದ ಮೇಲೂ ತಪ್ಪು ಅವರದ್ದೇ ಎಂದು ಗೊತ್ತಾದರೆ ನೇರವಾಗಿ ಹೇಳಿ. ಏನಾಯಿತು, ಅದರಿಂದ ಯಾರಿಗೆ ಏನು ತೊಂದರೆಯಾಯಿತು, ಇರಬೇಕಾದದ್ದು ಹೇಗೆ, ಅದಕ್ಕೆ ನಮ್ಮಿಂದ ಏನು ಬೇಕು, ಮತ್ತೆ ಯಾವ ದಿನ ನೋಡುತ್ತೇವೆ. "ನೀವು ಯಾವಾಗ್ಲೂ ಹಿಂಗ" ಎಂಬ ಪದಗುಚ್ಛ ಬಾಯಿಗೆ ಬಂದರೆ ನುಂಗಿಕೊಳ್ಳಿ. ಅದಕ್ಕೆ ಪುರಾವೆ ಇರುವುದಿಲ್ಲ, ಕೇಳಿದವರು ಹಾಗಲ್ಲದ ನಾಲ್ಕು ದಿನಗಳನ್ನು ನೆನಪಿಸುತ್ತಾರೆ, ಮಾತು ಅಲ್ಲೇ ಜಗಳಕ್ಕೆ ತಿರುಗುತ್ತದೆ. ಮತ್ತೆ ನೋಡುತ್ತೇವೆಂದ ದಿನ ತಪ್ಪದೆ ಹೋಗಿ ನೋಡಿ. ಸರಿಯಾಗಿದ್ದರೆ "ಸರಿ ಆಗೇತಿ" ಎಂದು ಹೇಳಿ. ಬಹುತೇಕ ಕಡೆ ಬಿಟ್ಟುಹೋಗುವುದು ಈ ಕೊನೆಯ ಹೆಜ್ಜೆಯೇ. ತಿದ್ದಿಕೊಂಡವರಿಗೆ ತಿದ್ದಿಕೊಂಡದ್ದು ಯಾರಿಗೂ ಕಾಣಲಿಲ್ಲ ಎನಿಸಿದರೆ ಎರಡನೇ ಸಲ ಯಾಕೆ ತಿದ್ದಿಕೊಳ್ಳಬೇಕು?

ತಪ್ಪನ್ನು ಹೇಳಿದ ಕೂಡಲೇ ಶಿಕ್ಷೆ ಎಂದಾದರೆ ತಪ್ಪು ಕಡಿಮೆಯಾಗುವುದಿಲ್ಲ, ಅಡಗುತ್ತದೆ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ಮುಂದಾಳತ್ವ ಇರುವ ವಾರ್ಡುಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದಲ್ಲ. ಹೇಳಿದರೆ ತಲೆ ಹೋಗುವುದಿಲ್ಲ ಎಂಬ ಧೈರ್ಯ ಅಲ್ಲಿತ್ತು ಎಂಬುದು ಅವರ ವಿವರಣೆ. ನಮ್ಮಲ್ಲಿ ಆ ಧೈರ್ಯವನ್ನು ಈಗ ಬೇಗ ಕೊಲ್ಲುತ್ತಿರುವುದು ವಾಟ್ಸ್‌ಆ್ಯಪ್ ಗ್ರೂಪು. ರಾತ್ರಿ ಹತ್ತಕ್ಕೆ ಫೋಟೋ ಹಾಕಿ, ಹೆಸರು ಹಿಡಿದು "ಏನಿದು? ಕೂಡಲೇ ಉತ್ತರಿಸಿ" ಎಂದು ಕೇಳುವುದು, ಕೆಳಗೆ ನೂರು ಜನ ಮೌನವಾಗಿ ಓದುವುದು. ಗ್ರೂಪಿನಲ್ಲಿ ಸೂಚನೆ ಇರಲಿ, ಒಳ್ಳೆಯ ಕೆಲಸದ ವಿವರ ಇರಲಿ. ಹೆಸರು ಹಿಡಿದು ಬೈಯುವುದನ್ನು ಅಲ್ಲಿ ಪೂರ್ತಿ ನಿಲ್ಲಿಸಿ. ಹಾಗೆಂದು ಮೆಮೊವೇ ಬೇಡ ಎನ್ನುತ್ತಿಲ್ಲ. ಕೈಗೆ ರಕ್ಷಣೆ ಕೊಡುವ ಗಾರ್ಡ್ ತೆಗೆದು ಪ್ರೆಸ್ ಓಡಿಸಿದವರಿಗೆ, ವಿದ್ಯುತ್ ಬಂದ್ ಆಗಿದೆ ಎಂಬ ಲೈನ್ ಕ್ಲಿಯರ್ ತೆಗೆದುಕೊಳ್ಳದೆ ಕಂಬ ಏರಿಸಿದವರಿಗೆ, ಕುಡಿದು ಸ್ಟೇರಿಂಗ್ ಹಿಡಿದವರಿಗೆ ಮೆಮೊ ಕೊಡಲೇಬೇಕು. ಅಂಥದ್ದಕ್ಕೆ ತೂಕ ಉಳಿಯಬೇಕಾದರೆ ಸಣ್ಣದಕ್ಕೆಲ್ಲ ಮೆಮೊ ಹರಿಯಬಾರದು.

ಬಸ್ ಘಟಕಗಳಿಗೆ ವಿಶೇಷವಾಗಿ ಒಂದು ಮಾತು. ಚಾಲಕರ ಕೆಎಂಪಿಎಲ್, ಅಂದರೆ ಲೀಟರ್ ಡೀಸೆಲ್‌ಗೆ ಓಡಿಸಿದ ಕಿಲೋಮೀಟರ್, ನಿಮ್ಮಲ್ಲಿ ಲೆಕ್ಕವಿದೆ. ಅಪಘಾತವಿಲ್ಲದೆ ಸೇವೆ ಮಾಡಿದವರಿಗೆ ಪದಕ ಕೊಡುವ ಒಳ್ಳೆಯ ಪದ್ಧತಿಯೂ ಇದೆ. ಆದರೆ ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ದಟ್ಟಣೆಯಲ್ಲಿ ಮೊದಲ-ಎರಡನೇ ಗೇರಿನಲ್ಲೇ ತೆವಳುವ ಸಿಟಿ ಬಸ್ಸಿನ ಚಾಲಕರನ್ನೂ, ಅಣ್ಣಿಗೇರಿ-ಗದಗ ಬಯಲಿನಲ್ಲಿ ಟಾಪ್ ಗೇರಿನಲ್ಲಿ ಹೋಗುವವರನ್ನೂ, ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸಿನವರನ್ನೂ ಒಂದೇ ಪಟ್ಟಿಯಲ್ಲಿ ಇಟ್ಟರೆ ಆ ಪಟ್ಟಿ ರಸ್ತೆಯ ಬಗ್ಗೆ ಹೇಳುತ್ತದೆ, ಚಾಲಕರ ಬಗ್ಗೆ ಹೇಳುವುದಿಲ್ಲ. ಒಬ್ಬರನ್ನು ಅವರದೇ ಶೆಡ್ಯೂಲ್, ಅದೇ ಬಸ್ಸು, ಹೋದ ತಿಂಗಳ ಅಂಕಿಗೆ ಹೋಲಿಸಿ. ಇಳಿದಿದ್ದರೆ ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡಿದುಕೊಳ್ಳುತ್ತಿದೆಯೇ ಎಂಬುದನ್ನು ವರ್ಕ್‌ಶಾಪ್‌ನಲ್ಲಿ ನೋಡಿಸಿ, ಆಮೇಲೆ ಚಾಲಕರನ್ನು ಕೇಳಿ. ಏರಿದ್ದರೆ, ಡ್ಯೂಟಿ ಹಂಚುವ ಕಿಟಕಿಯ ಬಳಿಯೇ ಹೇಳಿ, ಮೆಕ್ಯಾನಿಕ್ ಹೆಸರನ್ನೂ ಸೇರಿಸಿ. ಒಂದು ಬಸ್ಸಿನ ಮೈಲೇಜು ಎಂದೂ ಒಬ್ಬರದೇ ದುಡಿಮೆಯಲ್ಲ.

ಪೌರಕಾರ್ಮಿಕರ ವಿಷಯ. ಹುಬ್ಬಳ್ಳಿ-ಧಾರವಾಡ ಮಹಾನಗರದ 82 ವಾರ್ಡುಗಳಲ್ಲಿ ಬೆಳಕು ಹರಿಯುವ ಮುಂಚೆ ಹಾಜರಿ ಹಾಕಿ ಬೀದಿಗಿಳಿಯುವವರು ಇವರು. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಯಂದು ಸನ್ಮಾನ ನಡೆಯುತ್ತದೆ. ಮರುದಿನ ಮುಂಜಾನೆ ಹಾಜರಿ ಹಾಕುವ ಜಾಗದಲ್ಲಿ ಅದೇ ಜನರನ್ನು, ವಯಸ್ಸಿನಲ್ಲಿ ಹಿರಿಯರಾದವರನ್ನೂ ಏಕವಚನದಲ್ಲಿ ಕೂಗಿದರೆ ಆ ಶಾಲಿಗೆ ಬೆಲೆ ಉಳಿಯುವುದಿಲ್ಲ. ನಮ್ಮ ಭಾಗದಲ್ಲಿ "ರೀ" ಹಚ್ಚಿ ಮಾತಾಡುವುದಕ್ಕೆ ಖರ್ಚಿಲ್ಲ. "ಅಕ್ಕಾರ", "ಅಣ್ಣಾರ", "ಕಾಕಾ" ಎಂದು ಕರೆಯಿರಿ, ಹೆಸರು ಗೊತ್ತುಮಾಡಿಕೊಳ್ಳಿ. ಯಾವ ಓಣಿಯ ಕಸದ ಗುಡ್ಡೆ ಅವರಿಂದ ಖಾಯಂ ಆಗಿ ಹೋಯಿತು ಎಂಬುದನ್ನು ಆ ಓಣಿಯಲ್ಲೇ ನಿಂತು ಹೇಳಿ.

ಗುತ್ತಿಗೆ ನೌಕರರು ಈ ಎಲ್ಲದರಿಂದ ಹೊರಗುಳಿಯುತ್ತಾರೆ, ಏಕೆಂದರೆ ಅವರ ಕಡತವೇ ನಿಮ್ಮಲ್ಲಿಲ್ಲ. ಟೆಂಡರ್ ಬದಲಾದರೆ ಹೊಸ ಗುತ್ತಿಗೆದಾರರಿಗೆ ಅವರು ನಿನ್ನೆ ಬಂದ ಹೊಸಬರು. ಎಂಟು ವರ್ಷ ಒಂದೇ ಆಸ್ಪತ್ರೆಯ ಐಸಿಯು ಸ್ವಚ್ಛ ಮಾಡಿದ ಅನುಭವಕ್ಕೆ ಅವರ ಕೈಯಲ್ಲಿ ಸಾಕ್ಷಿ ಇರುವುದಿಲ್ಲ. ಆದ್ದರಿಂದ ಮೆಚ್ಚುಗೆ ಪತ್ರದ ಒಂದು ಪ್ರತಿ ಗುತ್ತಿಗೆದಾರರಿಗೆ ಹೋಗಲಿ, ಮೂಲ ಪ್ರತಿ ಕೆಲಸಗಾರರ ಕೈಗೇ ಸಿಗಲಿ. ಮುಂದಿನ ಕೆಲಸ ಹುಡುಕುವಾಗ ಅದೇ ಅವರ ಅನುಭವದ ಪ್ರಮಾಣಪತ್ರ.

ಒಂದನ್ನು ಖಡಾಖಂಡಿತವಾಗಿ ಹೇಳಬೇಕು. ಮೆಚ್ಚುಗೆ ಸಂಬಳಕ್ಕೆ ಬದಲಿಯಲ್ಲ. ಎರಡು ತಿಂಗಳ ಪಗಾರ ಬಾಕಿ ಇಟ್ಟು, ಪಿಎಫ್ ಕಟ್ಟದೆ, ಕೈಗವಸು-ಬೂಟು ಕೊಡದೆ ಪತ್ರ ಕೊಟ್ಟರೆ ಅದು ಗಾಯಕ್ಕೆ ಉಪ್ಪು. ಹೆಚ್ಚುವರಿ ತಾಸಿಗೆ ಎರಡು ಪಟ್ಟು ಕೂಲಿ ಕೊಡುವುದು ಕಾನೂನು, ಅದನ್ನು ಮೆಚ್ಚುಗೆ ಎಂದು ಕರೆಯಬೇಡಿ. ಮೊದಲು ಬಾಕಿ ತೀರಿಸಿ, ಆಮೇಲೆ ಪತ್ರ ಬರೆಯಿರಿ.

ಸರ್ಕಾರಿ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಬರೆಯುವ ಕಾರ್ಯನಿರ್ವಹಣಾ ವರದಿಯ ಬಗ್ಗೆ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. 2008ರ ದೇವದತ್ ವಿರುದ್ಧ ಭಾರತ ಒಕ್ಕೂಟ ಪ್ರಕರಣದಲ್ಲಿ ನೌಕರರಿಗೆ ಸಿಕ್ಕಿದ್ದು "ಉತ್ತಮ" ಎಂಬ ಷರಾ. ಕೇಳಲು ಚೆಂದ, ಆದರೆ ಬಡ್ತಿಗೆ ಬೇಕಿದ್ದದ್ದು "ಬಹಳ ಉತ್ತಮ". ಆ ಷರಾ ಅವರಿಗೆ ತಿಳಿಸಿರಲೇ ಇಲ್ಲ. ಪ್ರತಿಕೂಲ ಷರಾ ಮಾತ್ರವಲ್ಲ, ವರದಿಯಲ್ಲಿನ ಪ್ರತಿಯೊಂದು ನಮೂದನ್ನೂ ನೌಕರರಿಗೆ ಸಕಾಲಕ್ಕೆ ತಿಳಿಸಬೇಕು ಎಂದು ಕೋರ್ಟ್ ಹೇಳಿತು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನೇ ಎತ್ತಿಹಿಡಿಯಿತು. ಹಾಗಿದ್ದೂ ಮಾರ್ಚ್ ಕೊನೆಯಲ್ಲಿ ಎಲ್ಲರಿಗೂ ಒಂದೇ ವಾಕ್ಯ ನಕಲು ಮಾಡಿ ಸಹಿ ಹಾಕುವುದು ನಿಂತಿಲ್ಲ. ವರ್ಷವಿಡೀ ಟಿಪ್ಪಣಿ ಇಟ್ಟಿದ್ದರೆ ವರದಿ ಬರೆಯುವುದು ಒಂದು ತಾಸಿನ ಕೆಲಸ. ಇಟ್ಟಿಲ್ಲದಿದ್ದರೆ ನೆನಪಿರುವುದು ಕೊನೆಯ ಎರಡು ತಿಂಗಳು ಮಾತ್ರ.

ಆ ಟಿಪ್ಪಣಿಗೆ ಬೇಕಾದದ್ದು 200 ಪುಟದ ಒಂದು ರಿಜಿಸ್ಟರ್. ಐದು ಕಲಂ ಎಳೆಯಿರಿ: ದಿನಾಂಕ, ಹೆಸರು, ಏನು ಮಾಡಿದರು, ಅದರಿಂದ ಏನಾಯಿತು, ಅವರಿಗೆ ಯಾವಾಗ ಹೇಳಿದಿರಿ. ವಾರಕ್ಕೆ ಎರಡು-ಮೂರು ಸಾಲು ಬರೆದರೆ ಸಾಕು. ತಿಂಗಳ ಕೊನೆಗೆ ಹೆಸರಿನ ಕಲಂ ಒಂದನ್ನೇ ಮೇಲಿಂದ ಕೆಳಕ್ಕೆ ಓದಿ. ಯಾರ ಹೆಸರು ಬಂದೇ ಇಲ್ಲವೋ, ಮುಂದಿನ ವಾರ ಅವರ ಕೆಲಸದ ಬಳಿ ಹತ್ತು ನಿಮಿಷ ನಿಂತು ನೋಡಿ. ಹೆಚ್ಚಾಗಿ ಬಿಟ್ಟುಹೋಗುವವರು ರಾತ್ರಿ ಪಾಳಿಯವರು, ಸ್ಟೋರ್‌ನವರು, ಟಪಾಲು ನೋಡುವವರು. ರಿಜಿಸ್ಟರಿನಲ್ಲಿ ತೂಕದ್ದೆನಿಸಿದ್ದಕ್ಕೆ ಪತ್ರ ಕೊಡಿ. ಮೆಮೊಗೆ ಕೊಡುವ ಹಾಗೆ ಕಡತ ಸಂಖ್ಯೆ, ದಿನಾಂಕ, ಶಿಕ್ಕಾ ಎಲ್ಲ ಇರಲಿ. ಕನ್ನಡದಲ್ಲಿ, ಅರ್ಧ ಪುಟ ಮೀರದಂತೆ ಬರೆಯಿರಿ. "ನಿಷ್ಠೆ, ಪ್ರಾಮಾಣಿಕತೆ, ದಕ್ಷತೆ" ಎಂಬ ಸಿದ್ಧ ಪದಗಳ ಬದಲು ನಡೆದ ಕೆಲಸ ಬರಲಿ. ಒಂದು ಪ್ರತಿ ಅವರಿಗೆ, ಒಂದು ವೈಯಕ್ತಿಕ ಕಡತಕ್ಕೆ, ಒಂದು ಮೇಲಧಿಕಾರಿಗೆ. ಕೆಲಸದಲ್ಲಿ ಕೈಜೋಡಿಸಿದ ಎಲ್ಲರ ಹೆಸರೂ ಬರಲಿ, ಒಂದು ಹೆಸರು ಬಿಟ್ಟರೆ ಪತ್ರ ಇಲ್ಲದ್ದಕ್ಕಿಂತ ಹೆಚ್ಚು ನೋವು ಮಾಡುತ್ತದೆ.

ಕೆಳಗಿನಿಂದ ಮೇಲಕ್ಕೆ ಬರುವ ಮಾತಿಗೂ ದಾರಿ ಬೇಕು. ಸಲಹಾ ಪೆಟ್ಟಿಗೆ ಬಹಳ ಕಡೆ ಇದೆ, ಕೀಲಿಕೈ ಯಾರ ಹತ್ತಿರ ಇದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ವಾರಕ್ಕೊಮ್ಮೆ ಇಬ್ಬರ ಎದುರು ತೆಗೆಯಿರಿ, ಹದಿನೈದು ದಿನದೊಳಗೆ ನೋಟಿಸ್ ಬೋರ್ಡಿನಲ್ಲಿ ಉತ್ತರ ಹಚ್ಚಿ: ಸಲಹೆ, ಮಾಡುತ್ತೇವೋ ಇಲ್ಲವೋ, ಇಲ್ಲವಾದರೆ ಯಾಕೆ. "ಇಲ್ಲ" ಎಂಬುದಕ್ಕೆ ಕಾರಣ ಕೊಟ್ಟರೆ ಜನ ಮತ್ತೆ ಬರೆಯುತ್ತಾರೆ, ಉತ್ತರವೇ ಬರದಿದ್ದರೆ ಬರೆಯುವುದಿಲ್ಲ. ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಮಾಲೀಕರ ಮತ್ತು ಕಾರ್ಮಿಕರ ಕಡೆಯವರು ಸಮಾನ ಸಂಖ್ಯೆಯಲ್ಲಿರಬೇಕು. ಆ ಸಮಿತಿಯ ಸಭೆಯಲ್ಲಿ ದೂರಿನ ಜೊತೆಗೆ, ಹಿಂದಿನ ಸಭೆಯ ಯಾವ ದೂರನ್ನು ಯಾರು ಬಗೆಹರಿಸಿದರು ಎಂಬುದನ್ನೂ ಓದಿ ದಾಖಲಿಸಿ.

ಜಿಲ್ಲಾಡಳಿತಕ್ಕೂ ಜನಪ್ರತಿನಿಧಿಗಳಿಗೂ ಒಂದು ವಿನಂತಿ. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ ಮುಗಿದ ಮರುದಿನ ಪತ್ರಿಕೆಗಳಲ್ಲಿ ಬರುವ ತಲೆಬರಹ ನಿಮಗೇ ಗೊತ್ತು: "ಅಧಿಕಾರಿಗಳಿಗೆ ತರಾಟೆ". ಕ್ಯಾಮೆರಾ ಎದುರು ಬೈಸಿಕೊಂಡ ಜಿಲ್ಲಾ ಅಧಿಕಾರಿ ತಾಲ್ಲೂಕಿನವರನ್ನು ಬೈಯುತ್ತಾರೆ, ತಾಲ್ಲೂಕಿನವರು ಗ್ರಾಮ ಆಡಳಿತಾಧಿಕಾರಿಯನ್ನು, ಅಂಗನವಾಡಿ ಕಾರ್ಯಕರ್ತೆಯನ್ನು. ಪ್ರಗತಿ ಕುಂಠಿತವಾದಲ್ಲಿ ಪ್ರಶ್ನಿಸುವುದು ನಿಮ್ಮ ಹೊಣೆ, ಅದನ್ನು ಬಿಡಿ ಎನ್ನುವುದಿಲ್ಲ. ಪ್ರತಿ ಇಲಾಖೆಯ ವರದಿಯಲ್ಲಿ ಒಂದು ಕಲಂ ಹೆಚ್ಚಿಸಿ: ಗುರಿ ಮುಟ್ಟಿದ ತಾಲ್ಲೂಕು ಯಾವುದು, ಅಲ್ಲಿ ಏನು ಬೇರೆ ಮಾಡಿದರು, ಅದನ್ನು ಮಾಡಿದವರ ಹೆಸರು. ಕುಂಠಿತವಾದ ತಾಲ್ಲೂಕಿನವರು ಅದೇ ಸಭೆಯಲ್ಲಿ ಅವರಿಂದ ಕೇಳಿ ತಿಳಿದುಕೊಳ್ಳಲಿ.

ಓದುತ್ತಿರುವ ನಾಗರಿಕರು, ಪ್ರಯಾಣಿಕರು, ರೋಗಿಗಳ ಕಡೆಯವರು ಇದಕ್ಕೆ ಯಾರ ಆದೇಶವನ್ನೂ ಕಾಯಬೇಕಿಲ್ಲ. 50 ಪೈಸೆಯ ಪೋಸ್ಟ್ ಕಾರ್ಡ್ ಇನ್ನೂ ಅಂಚೆ ಕಚೇರಿಯಲ್ಲಿ ಸಿಗುತ್ತದೆ. ಬಸ್ಸಿನಲ್ಲಿ ಯಾರಾದರೂ ಚೆನ್ನಾಗಿ ನಡೆದುಕೊಂಡರೆ ಟಿಕೆಟ್ ಎಸೆಯಬೇಡಿ. ಬಸ್ಸಿನ ನೋಂದಣಿ ಸಂಖ್ಯೆ, ಮಾರ್ಗ, ದಿನಾಂಕ, ಸಮಯ, ಮತ್ತು ನಡೆದದ್ದನ್ನು ಎರಡೇ ವಾಕ್ಯದಲ್ಲಿ ಬರೆದು ಘಟಕ ವ್ಯವಸ್ಥಾಪಕರ ವಿಳಾಸಕ್ಕೆ ಹಾಕಿ. ಹೆಸರು ಗೊತ್ತಿಲ್ಲದಿದ್ದರೂ ಈ ವಿವರದಿಂದ ಡ್ಯೂಟಿಯಲ್ಲಿ ಯಾರಿದ್ದರು ಎಂಬುದು ಘಟಕದಲ್ಲಿ ಸಿಗುತ್ತದೆ. ಆಸ್ಪತ್ರೆಯಾದರೆ ವಾರ್ಡ್, ಪಾಳಿ, ದಿನಾಂಕ ಬರೆಯಿರಿ. ವಿದ್ಯುತ್ ಕೆಲಸವಾದರೆ ಬಡಾವಣೆ ಮತ್ತು ದೂರು ಸಂಖ್ಯೆ. ಕೊನೆಗೆ "ದಯವಿಟ್ಟು ಇದನ್ನು ಸಂಬಂಧಪಟ್ಟವರಿಗೆ ತಿಳಿಸಿ, ಅವರ ಕಡತಕ್ಕೆ ಸೇರಿಸಿ" ಎಂಬ ಒಂದು ಸಾಲು ಬರೆಯುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಕಾರ್ಡು ಟಪಾಲು ಶಾಖೆಯಲ್ಲೇ ಉಳಿಯುತ್ತದೆ.

ಇಂತಿ,
ಕೆಲಸದ ಸ್ಥಳಗಳ ಮೇಲ್ವಿಚಾರಣೆ ಮತ್ತು ತರಬೇತಿಯಲ್ಲಿ ತೊಡಗಿರುವವರು
ಹುಬ್ಬಳ್ಳಿ-ಧಾರವಾಡ